ಅಳಗುಳಿಮಣೆಯ ಪಥ್ಯ

ನಮ್ಮ ಅತ್ತೆಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಅವರು ತಿಂದದ್ದು ಮಾತ್ರ ನೆನಪಿರುತ್ತದೆ! ಅತ್ತೆ ಎಂದರೆ ನಮ್ಮಪ್ಪನ ಅಕ್ಕ, ಶಿರಾ ತಾಲ್ಲೂಕಿನ ಗೌಡಗೆರೆ ಕಡೆಯವರು. ಅವರೆದುರು ಯಾರದ್ದಾದರೂ ಹೆಸರು ಹೇಳಿ, ಊರು ಹೇಳಿ, ಮನೆತನ ಹೇಳಿ, ಊಹೂಂ, ಮುಖದ ಒಂದು ಗೆರೆಯೂ ಅಲುಗುವುದಿಲ್ಲ.

ಒಮ್ಮೆ ಪಂಚಾಯ್ತಿ ಎಲೆಕ್ಷನ್ನಿಗೆ ನಿಂತವರೊಬ್ಬರು ಕೈ ಮುಗಿದುಕೊಂಡು ಅತ್ತೆಯ ಜಗಲಿಗೆ ಬಂದರು. ಹಿಂದೆ ಇಪ್ಪತ್ತು ಜನ. ಅತ್ತೆ ಕಣ್ಣು ಕಿರಿದು ಮಾಡಿ, "ಯಾರಪ್ಪಾ ನೀನು?" ಅಂದರು. ಜೊತೆಗಿದ್ದವರು ಅವರ ತಾತನ ಹೆಸರಿನವರೆಗೂ ಹೋಗಿ ಬಂದರು. ಪ್ರಯೋಜನವಾಗಲಿಲ್ಲ. ಕೊನೆಗೆ ಅವರೇ, "ನಿಮ್ಮ ತಮ್ಮನ ಮದ್ವೆಗೆ ಬಂದಿದ್ದೆ ಕಣಕ್ಕಾ" ಅಂದರು. ಅತ್ತೆಯ ಮುಖ ಅರಳಿತು.

"ಅಯ್ಯೋ, ನೀನಾ! ಪಾಯಸಕ್ಕೆ ಮೂರು ಸಲ ಕೈ ಒಡ್ಡಿ, ನಾಕನೇ ಸಲಕ್ಕೆ ನಾಚ್ಕೆ ಆಗಿ ಪಕ್ಕದ ಸಾಲಿಗೋಗಿ ಕುಂತೋನಲ್ವಾ!"

ಅವರು ಗೆದ್ದರೋ ಸೋತರೋ ನನಗೆ ಮರೆತುಹೋಗಿದೆ. ಪಾಯಸದ ವಿಷಯ ಮಾತ್ರ ಇಡೀ ಊರಿಗೆ ನೆನಪಿದೆ.

ನಾನು ಮಧುಗಿರಿಯ ಕಾಲೇಜೊಂದರಲ್ಲಿ ಇತಿಹಾಸ ಹೇಳಿಕೊಡುತ್ತೇನೆ. ಯಾರಾದರೂ "ನನಗೆ ಚೆನ್ನಾಗಿ ನೆನಪಿದೆ" ಅಂದ ಕೂಡಲೇ ಅನುಮಾನ ಬರುವುದು ನನ್ನ ಕಸುಬಿನ ಕಾಯಿಲೆ. ನನ್ನ ನೆನಪಿನ ಮೇಲಂತೂ ನಂಬಿಕೆ ಮೊದಲಿನಿಂದಲೂ ಕಡಿಮೆ, ಅದಕ್ಕೇ ದಿನಾ ಡೈರಿ ಬರೆಯುತ್ತೇನೆ. ಬರೆದ ಮೇಲೆ, ನಡೆದದ್ದನ್ನು ಬರೆದೆನೋ, ನಡೆಯಬೇಕಿತ್ತು ಅನ್ನಿಸಿದ್ದನ್ನು ಬರೆದೆನೋ ಎಂದು ಮತ್ತೆ ಅನುಮಾನ! ಈಗ ಹೇಳುತ್ತಿರುವುದನ್ನೂ ಡೈರಿಯನ್ನು ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಡೈರಿ ಒಂದು ಹೇಳಿ ಅತ್ತೆ ಇನ್ನೊಂದು ಹೇಳಿದ ಕಡೆಯೆಲ್ಲ ಅತ್ತೆಯ ಮಾತನ್ನೇ ಹಿಡಿದಿದ್ದೇನೆ.

ನನಗೆ ಒಂದು ವರ್ಷದಿಂದ ಮೈಮೇಲೆ ಗಂಧೆ ಏಳುತ್ತಿತ್ತು. ಬೆಳಿಗ್ಗೆ ಎದ್ದರೆ ತೋಳಿನ ಮೇಲೆ ಕೆಂಪಗೆ ಊದಿದ ದದ್ದುಗಳು. ಮಧ್ಯಾಹ್ನದ ಹೊತ್ತಿಗೆ ಅವು ಬೆನ್ನಿಗೆ ವರ್ಗವಾಗುತ್ತಿದ್ದವು. ಮಾತ್ರೆ ನುಂಗಿದರೆ ತುರಿಕೆ ನಿಲ್ಲುತ್ತಿತ್ತು, ಜೊತೆಗೆ ನಾನೂ ನಿಂತುಬಿಡುತ್ತಿದ್ದೆ. ಅಷ್ಟು ನಿದ್ದೆ! ಒಂದು ದಿನ ಪಾಳೇಗಾರರ ಪಾಠವನ್ನು ಮಕ್ಕಳಿಂದ ಓದಿಸುತ್ತಾ ಬೋರ್ಡಿಗೆ ಒರಗಿದವಳು ಹಾಗೇ ಕಣ್ಣು ಮುಚ್ಚಿದೆ. ಎಚ್ಚರವಾದಾಗ ಕೋಟೆ ಬಿದ್ದುಹೋಗಿತ್ತು. ಕೆಡವಿದವರು ಯಾರು ಎನ್ನುವುದನ್ನು ಹಿಂದಿನ ಬೆಂಚಿನ ಹುಡುಗಿಯಿಂದ ತಿಳಿದುಕೊಳ್ಳಬೇಕಾಯಿತು.

ತುಮಕೂರಿನ ಡಾಕ್ಟರು ಒಂದು ಪಟ್ಟಿ ಕೊಟ್ಟರು. ಹಾಲು-ಮೊಸರು, ಗೋಧಿ-ಮೈದಾ, ಮೊಟ್ಟೆ, ಬದನೆಕಾಯಿ, ಬಣ್ಣ ಹಾಕಿದ ಸಿಹಿತಿಂಡಿ, ಕಡಲೆಕಾಯಿ. "ಪೊಲೀಸ್ ತನಿಖೆ ಅಂದ್ಕೊಳ್ಳಿ" ಅಂದರು. "ಆರು ಜನರ ಮೇಲೆ ಅನುಮಾನ. ನಾಲ್ಕು ವಾರ ಆರೂ ಜನರನ್ನ ಮನೆಯಿಂದ ಹೊರಗೆ ಕಳಿಸಿ. ಮೈ ತಿಳಿಯಾದ ಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೀರಿ, ಒಬ್ಬೊಬ್ಬರಿಗೆ ಮೂರು ಮೂರು ದಿನ. ಕಳ್ಳ ತಾನೇ ಸಿಕ್ಕಿಬೀಳ್ತಾನೆ. ಸಿಗದಿದ್ದರೆ ಮಾತ್ರೆ ಮುಂದುವರಿಸೋದೇ."

ಐವರನ್ನು ಹೊರಗೆ ಕಳಿಸಲು ನನಗೆ ಕಷ್ಟವಿರಲಿಲ್ಲ. ಆರನೆಯದು? ಗೌಡಗೆರೆಯಲ್ಲಿ ಅತ್ತೆಯ ಮೂರು ಎಕರೆ ಹೊಲದಲ್ಲಿ ಬೆಳೆಯುವುದೇ ಕಡಲೆಕಾಯಿ. ತಿಂಗಳಿಗೊಂದು ಚೀಲ ಬೀಜ ಶಿರಾ ಬಸ್ಸಿನಲ್ಲಿ ನನ್ನ ಮನೆಗೆ ಬರುತ್ತದೆ, ನಾನು ಕೇಳಲಿ ಬಿಡಲಿ. ಹೆದರುತ್ತಲೇ ಫೋನ್ ಮಾಡಿದೆ.

"ಅತ್ತೆ, ಈ ತಿಂಗಳು ಕಡ್ಲೆಬೀಜ ಕಳಿಸ್ಬೇಡ."

"ಯಾಕೆ, ಹೋದ್ಸಲದ್ದು ಹುಳ ಬಿದ್ದಿತ್ತಾ?"

"ಇಲ್ಲ. ಗಂಧೆ ಅದರಿಂದಾನೂ ಬರಬಹುದಂತೆ. ಡಾಕ್ಟ್ರು ಬಿಡೋಕೆ ಹೇಳಿದಾರೆ."

ಆ ಕಡೆ ಸದ್ದಿಲ್ಲ. ಅತ್ತೆ ಫೋನಿನಲ್ಲಿ ಸುಮ್ಮನಿದ್ದದ್ದು ನಾನು ಕಂಡಂತೆ ಅದೇ ಮೊದಲು. ಟವರ್ ಹೋಯಿತೆಂದು ನಾನು ಕಟ್ ಮಾಡುವಷ್ಟರಲ್ಲಿ, "ಎಷ್ಟು ದಿನ?" ಎಂಬ ಪ್ರಶ್ನೆ ಬಂತು.

"ನಾಲ್ಕು ವಾರ. ಆಮೇಲೆ ತಿಂದು ನೋಡ್ಬೇಕು."

"ಹೂಂ" ಎಂದು ಇಟ್ಟುಬಿಟ್ಟರು.

ಮಾರನೆಯ ದಿನ ನಾನು ಹಲ್ಲುಜ್ಜುವ ಹೊತ್ತಿಗೆ ಅತ್ತೆ ಬಾಗಿಲಲ್ಲಿ! ಹಸು, ಮನೆ ಎರಡನ್ನೂ ಮಗ ಸೊಸೆಗೆ ಒಪ್ಪಿಸಿ, ಮೊದಲನೇ ಬಸ್ಸು ಹತ್ತಿ, ಶಿರಾದಲ್ಲಿ ಬದಲಾಯಿಸಿ ಬಂದಿದ್ದರು. ಕೈಯಲ್ಲಿ ಒಂದು ಬಟ್ಟೆಯ ಗಂಟು, ಕಂಕುಳಲ್ಲಿ ಹಳೆಯ ಅಳಗುಳಿಮಣೆ.

"ಇದ್ಯಾಕೆ ಅತ್ತೆ?"

"ಲೆಕ್ಕ ಇಡೋಕೆ."

"ಡಾಕ್ಟ್ರು ಡೈರಿ ಬರೆಯೋಕೆ ಹೇಳಿದಾರೆ. ನಾನೇ ಬರೀತೀನಿ."

"ನಿನ್ ಪುಸ್ತಕ ನಂಬ್ಕೊಂಡ್ರೆ ಆಯ್ತು ಬುಡು. ಈ ಯುಗಾದೀಲಿ ಎಷ್ಟು ಒಬ್ಬಟ್ಟು ತಿಂದೆ ಹೇಳು?"

"ಎರಡು."

"ಮೂರೂವರೆ. ಅರ್ಧ ನಿನ್ ಗಂಡನ ಎಲೇಲಿ ಕಿತ್ಕೊಂಡಿದ್ದೆ."

ಒಳಗೆ ಹೋಗಿ ಡೈರಿ ತೆಗೆದು ನೋಡಿದೆ. ಯುಗಾದಿಯ ಪುಟದಲ್ಲಿ "ಒಬ್ಬಟ್ಟು ಚೆನ್ನಾಗಿತ್ತು" ಎಂದಷ್ಟೇ ಇತ್ತು. ನಾನು ಚಂದ್ರಗುಪ್ತನ ಕಾಲದ ಬಗ್ಗೆ ಪಾಠ ಮಾಡುವವಳು, ನನಗೆ ಮೊನ್ನೆಯ ಯುಗಾದಿಯ ಬಗ್ಗೆ ಗೊತ್ತಿರುವುದು ಇಷ್ಟು!

ಅತ್ತೆ ಮಣೆ ಬಿಚ್ಚಿ ನೆಲದ ಮೇಲಿಟ್ಟರು. ಎರಡು ಸಾಲು, ಸಾಲಿಗೆ ಏಳು ಗುಳಿ. "ಈ ಸಾಲು ನಿಂದು. ಏಳು ಗುಳಿ, ಏಳು ದಿನ. ಪಥ್ಯ ಕೆಡಿಸ್ದೆ ಮಲಿಕ್ಕೊಂಡ್ರೆ ಒಂದು ಹುಣಸೆಬೀಜ. ಗುಳಿಗೆ ನಾಕು ನಾಕು ತುಂಬಿದ್ರೆ ನೀನು ಗೆದ್ದಂಗೆ." ಅಂದು ಸಂಜೆ ನನ್ನ ಸಾಲಿಗೊಂದು ಬೀಜ ಹಾಕಿದ ಅತ್ತೆ, ಆಚೆಯ ಸಾಲಿಗೂ ಒಂದು ಹಾಕಿದರು.

"ಅದ್ಯಾರ್ದು ಅತ್ತೆ?"

"ಎದುರಾಳಿ ಇಲ್ದೆ ಆಟ ಆಗುತ್ತಾ?"

ನಿಜ ಅನ್ನಿಸಿತು. ಮಲಗುವ ಮುಂಚೆ ಮಣೆಯನ್ನು ಎತ್ತಿಡುತ್ತಾ ಅತ್ತೆ ಇನ್ನೊಂದು ಮಾತು ಅಂದರು: "ನೋಡು ಮಗಾ, ಕಡ್ಲೆಕಾಯೇ ಅಂತ ಬಂದ್ರೆ ಈ ಸಲ ನಾನು ಹೊಲಕ್ಕೆ ಕಡ್ಲೆಬೀಜ ಹಾಕಲ್ಲ. ತೊಗರಿ ಹಾಕ್ತೀನಿ."

ನಾನು ನಕ್ಕುಬಿಟ್ಟೆ. ಅತ್ತೆಯ ಶಪಥಗಳನ್ನು ಕೇಳಿ ಬೆಳೆದವಳು ನಾನು. ಕಂಡಕ್ಟರೊಬ್ಬ "ಅಜ್ಜಿ, ಮುಂದಕ್ಕೋಗಿ" ಅಂದನೆಂದು ಇನ್ನು ಜೀವಮಾನದಲ್ಲಿ ಶಿರಾ ಬಸ್ಸು ಹತ್ತುವುದಿಲ್ಲ ಎಂದಿದ್ದವರು, ಮುಂದಿನ ಮಂಗಳವಾರ ಅದೇ ಬಸ್ಸಿನಲ್ಲಿ ಅದೇ ಕಂಡಕ್ಟರಿಗೆ ಹುರಿಗಾಳು ಕೊಡುತ್ತಾ ಬಂದಿದ್ದರು. ಹಾಗಾಗಿ ಈ ಶಪಥವನ್ನು ನಾನು ಡೈರಿಯಲ್ಲಿ ಬರೆಯಲೂ ಇಲ್ಲ.

ಮೊದಲ ದಿನವೇ ಅಡುಗೆಮನೆ ಖಾಲಿಯಾಯಿತು. ಕಡಲೆಕಾಯಿ ಎಣ್ಣೆಯ ಕ್ಯಾನು, ಚಟ್ನಿಪುಡಿಯ ಡಬ್ಬಿ, ಗೋಧಿಹಿಟ್ಟು ಎಲ್ಲ ಪಕ್ಕದ ಮನೆ ಸೇರಿದವು. ಹೊಸದಾಗಿ ತಂದ ಸೂರ್ಯಕಾಂತಿ ಎಣ್ಣೆಯನ್ನು ಅತ್ತೆ ಬೆಳಕಿಗೆ ಹಿಡಿದು ನೋಡಿ, "ನೀರಿಗೆ ಅರಿಶಿನ ಕದಡಿ ಕೊಟ್ಟವ್ರೆ" ಎಂದು ತೀರ್ಪು ಕೊಟ್ಟರು. ಒಗ್ಗರಣೆ ಸಿಡಿದರೂ ಅವರಿಗೆ ನಂಬಿಕೆ ಬರಲಿಲ್ಲ.

ಇನ್ನು ರಾಗಿ ಹಿಟ್ಟು. ನಮ್ಮ ಬೀದಿಯ ಹಿಟ್ಟಿನ ಗಿರಣಿಗೆ ಡಬ್ಬ ಹಿಡಿದು ಹೋದ ಅತ್ತೆ, "ಇದಕ್ಕಿಂತ ಮುಂಚೆ ಏನು ಹಾಕಿದ್ದೆ?" ಎಂದು ಕೇಳಿದರು.

"ಗೋಧಿ ಅಜ್ಜಿ."

"ಅಂಗಾದ್ರೆ ನಂದು ಈಗ್ಲೇ ಹಾಕ್ಬೇಡ."

ಅಲ್ಲೇ ಮೆಟ್ಟಿಲ ಮೇಲೆ ಕೂತರು. ಅತ್ತೆಯ ಲೆಕ್ಕ ಸರಳ. ಮೊದಲು ಬಂದವರ ರಾಗಿ ಕಲ್ಲಿಗೆ ಮೆತ್ತಿದ ಗೋಧಿಯನ್ನು ತೊಳೆದುಕೊಂಡು ಹೋಗಬೇಕು, ಎರಡನೆಯವರದು ಅಳಿದುಳಿದದ್ದನ್ನು ಒಯ್ಯಬೇಕು, ಮೂರನೆಯ ಸರದಿ ನಮ್ಮದು! ನಡುವೆ ಯಾರಾದರೂ ಗೋಧಿ ತಂದರೆ ಲೆಕ್ಕ ಮತ್ತೆ ಮೊದಲಿನಿಂದ. ಗೋಧಿ ತಂದವರನ್ನು ಅತ್ತೆ ಮೆಟ್ಟಿಲ ಮೇಲೇ ತಡೆದು, "ಎಲ್ಲಿಗೆ ಅರ್ಜೆಂಟು? ಚಪಾತಿ ನಾಳೆ ತಿಂದ್ರೆ ಆಗಲ್ವಾ?" ಎಂದು ಮಾತಿಗೆಳೆಯುತ್ತಿದ್ದರು. ಎರಡನೇ ವಾರಕ್ಕೆ ಗಿರಣಿಯವನು ಸೋತು, "ಗುರುವಾರ ರಾಗಿ ಮಾತ್ರ" ಎಂದು ಬೋರ್ಡು ಬರೆದು ತೂಗುಹಾಕಿದ. ಬೀದಿಯ ಅರ್ಧ ಜನ ಇದು ಯಾವುದೋ ದೇವರ ಕಟ್ಟಳೆ ಇರಬೇಕೆಂದು ಗುರುವಾರ ಗೋಧಿ ಮುಟ್ಟುವುದನ್ನೇ ಬಿಟ್ಟರು! ಈಗಲೂ ಬಿಟ್ಟಿದ್ದಾರೆ.

ಪುರವರದಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಮನೆಯ ಗೃಹಪ್ರವೇಶ. ನನ್ನೊಬ್ಬಳನ್ನೇ ಕಳಿಸಲು ಅತ್ತೆಗೆ ಧೈರ್ಯವಿರಲಿಲ್ಲ, ಜೊತೆಗೇ ಬಂದರು. ಎಲೆ ಹಾಕಿದ ಮೇಲೆ ಮನೆಯಾಕೆ ಹೋಳಿಗೆ ತಟ್ಟೆ ಹಿಡಿದು ನಿಂತರು. "ಒಂದೇ ಒಂದು ಮೇಡಂ. ನಮ್ಮನೆಗೆ ಮೊದಲ್ನೇ ಸಲ ಬಂದಿದೀರ. ಬೇಡ ಅನ್ಬಾರ್ದು."

ನಮ್ಮ ಕಡೆ ಹೊಸ ಮನೆಯಲ್ಲಿ ಹೋಳಿಗೆ ಬೇಡ ಅನ್ನುವುದೂ, ಈ ಮನೆಗೆ ಒಳ್ಳೆಯದಾಗದಿರಲಿ ಅನ್ನುವುದೂ ಹೆಚ್ಚು ಕಡಿಮೆ ಒಂದೇ. ನಾನು ಬೆವರಿದೆ. ಅತ್ತೆ ತಮ್ಮ ಎಲೆಯನ್ನು ಮುಂದಕ್ಕೆ ಸರಿಸಿದರು.

"ಅವಳ ಪಾಲು ಇಲ್ಲಿ ಹಾಕಮ್ಮ. ಅವಳು ಪಥ್ಯದಾಗವಳೆ. ಅವಳ ಪರವಾಗಿ ನಾನು ಬಂದಿದೀನಿ."

ವಕೀಲರು ಕಕ್ಷಿದಾರರ ಪರವಾಗಿ ಮಾತಾಡುವುದನ್ನು ಕೇಳಿದ್ದೆ. ಪರವಾಗಿ ಉಣ್ಣುವುದನ್ನು ಅಂದೇ ಕಂಡೆ! ಮನೆಯಾಕೆಗೂ ಸಮಾಧಾನವಾಯಿತು, ನಗುತ್ತಲೇ ಬಡಿಸಿದರು. ತಮ್ಮದು ಮೂರು, ನನ್ನದು ಎರಡು, ಒಟ್ಟು ಐದು ಹೋಳಿಗೆ ಮುಗಿಸಿ ಬಸ್ಸಿನಲ್ಲಿ ಅತ್ತೆ ವರದಿ ಒಪ್ಪಿಸಿದರು: "ನಿನ್ ಪಾಲಿನ ಹೋಳಿಗೇಲಿ ಸಿಹಿ ಕಮ್ಮಿ ಇತ್ತು ಕಣಮ್ಮ. ನನ್ ಪಾಲಿಂದೇ ಚೆನ್ನಾಗಿತ್ತು."

ಆ ದಿನದ ಡೈರಿಯಲ್ಲಿ ಇನ್ನೊಂದು ಸಾಲಿದೆ. "ಚಿತ್ರಾನ್ನ ಬಂದಾಗ ಅತ್ತೆ ಕೈ ಅಡ್ಡ ಹಿಡಿದು ಬೇಡ ಅಂದರು. ಕಡಲೆಬೀಜ ಹಾಕಿದ ಘಮಘಮ ಚಿತ್ರಾನ್ನ. ಹೊಟ್ಟೆ ತುಂಬಿರಬೇಕು." ಇಷ್ಟು ಬರೆದು ನಾನು ಮುಂದಿನ ಪುಟಕ್ಕೆ ಹೋಗಿದ್ದೇನೆ. ಆಧಾರ ಕಣ್ಣೆದುರು ಇದ್ದರೂ ತಪ್ಪು ಅರ್ಥ ಮಾಡಬಹುದು ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುವವಳು ನಾನೇ ತಾನೆ?

ಎಡವಟ್ಟಾದದ್ದು ಎಂಟನೆಯ ದಿನ. ಅತ್ತೆ ಒಂಬತ್ತನೆಯ ದಿನ ಎನ್ನುತ್ತಾರೆ, ಆದ್ದರಿಂದ ಒಂಬತ್ತನೆಯ ದಿನ. ಸಂಜೆ ಕಾಲೇಜಿನಿಂದ ಬಂದು ಡೈರಿ ತೆರೆದು, "ಪಥ್ಯ ಸರಿಯಾಗಿ ನಡೆದಿದೆ" ಎಂದು ಬರೆದೆ. ಅತ್ತೆ ಹುಣಸೆಬೀಜ ಹಿಡಿದು ಬಂದವರು ನನ್ನ ಸೀರೆಯ ನೆರಿಗೆಯನ್ನೇ ನೋಡುತ್ತಾ ನಿಂತರು.

"ಬಿಸ್ಕತ್ತು."

"ಯಾವ ಬಿಸ್ಕತ್ತು?"

"ತೆಂಗಿನಕಾಯಿ ಬಿಸ್ಕತ್ತು. ಎರಡು ತಿಂದಿದೀಯ."

ನೆರಿಗೆಯಲ್ಲಿ ಪುಡಿ ಸಿಕ್ಕಿಕೊಂಡಿತ್ತು. ದೇವರಾಣೆ, ನಾನು ಸುಳ್ಳು ಬರೆದಿರಲಿಲ್ಲ. ಅಥವಾ ಬರೆದಿದ್ದೆನೋ? ಸ್ಟಾಫ್ ರೂಮಿನಲ್ಲಿ ಟೀ ಬಂದದ್ದು ನೆನಪಿತ್ತು, ಯಾರೋ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ್ದು ನೆನಪಿತ್ತು, ಹಾಲಿಲ್ಲದ ಕಪ್ಪು ಟೀಯನ್ನು ನಾನು ಹೆಮ್ಮೆಯಿಂದ ಕುಡಿದದ್ದೂ ನೆನಪಿತ್ತು. ಆಮೇಲಿನದು ನನಗೆ ಬೇಕಾದ ಹಾಗೆ ಅಳಿಸಿಹೋಗಿತ್ತು. ತಿನ್ನುವುದಕ್ಕೆ ನೆನಪು ಬೇಡ ನೋಡಿ, ಕೈ ಒಂದಿದ್ದರೆ ಸಾಕು!

ಅತ್ತೆ ಮಣೆಯನ್ನು ಬೋರಲು ಹಾಕಿದರು. ಎರಡೂ ಸಾಲಿನ ಬೀಜಗಳು ನೆಲಕ್ಕೆ ಬಿದ್ದವು.

"ನಂದು ಕೆಟ್ಟಿತು, ಸರಿ. ಎದುರಾಳಿದು ಯಾಕೆ ಚೆಲ್ತೀಯಾ?"

"ಒಬ್ರು ಸೋತ್ಮೇಲೆ ಇನ್ನೊಬ್ರು ಒಂಟಿಯಾಗಿ ಆಡ್ಕೊಂಡು ಕುಂತಿರ್ತಾರಾ? ನಾಳೆಯಿಂದ ಹೊಸ ಆಟ."

ನನಗೆ ರೋಸಿಹೋಯಿತು. "ನನ್ ಕೈಲಿ ಆಗಲ್ಲ ಅತ್ತೆ. ಜೀವನ ಪೂರ್ತಿ ಮಾತ್ರೆ ನುಂಗ್ತೀನಿ. ನೀನು ಊರಿಗೆ ಹೋಗು" ಅಂದೆ.

"ನುಂಗು, ಯಾರು ಬೇಡ ಅಂದೋರು? ಬೋರ್ಡಿಗೆ ಒರಗ್ಕೊಂಡು ನಿದ್ದೆ ಹೋಗು. ಆ ಮಕ್ಳು ಏನು ಪಾಪ ಮಾಡವ್ರೆ?" ಎನ್ನುತ್ತಾ ಅತ್ತೆ ನೆಲದ ಮೇಲಿನ ಬೀಜಗಳನ್ನು ಒಂದೊಂದಾಗಿ ಆರಿಸತೊಡಗಿದರು. ಮಂಡಿ ನೋವಿನವರು, ಮಂಚದ ಕೆಳಗೆ ಉರುಳಿದ್ದನ್ನೂ ಬಿಡಲಿಲ್ಲ. ಅವರು ಹಾಗೆ ತೆವಳುತ್ತಿರುವಾಗ ನಾನು ಹೇಗೆ ಕೂತಿರಲಿ? ನಾನೂ ಬಗ್ಗಿ ಆರಿಸಿದೆ. ಪಥ್ಯ ಮತ್ತೆ ಶುರುವಾದದ್ದು ಹೀಗೆ, ಮಂಚದ ಕೆಳಗಿನಿಂದ.

ನನ್ನವರು ಪಾವಗಡದ ಸೋಲಾರ್ ಪಾರ್ಕಿನಲ್ಲಿ ಕೆಲಸದಲ್ಲಿದ್ದಾರೆ, ಶನಿವಾರ ಮನೆಗೆ ಬರುತ್ತಾರೆ. ಆ ಶನಿವಾರ ಪಾಪ, ಪ್ರೀತಿಯಿಂದ ಕಡಲೆಬೀಜದ ಚಿಕ್ಕಿ ತಂದಿದ್ದರು. ಅ‌ತ್ತೆಗೆ ಗೇಟಿನಿಂದಲೇ ವಾಸನೆ ಹೊಡೆಯಿತು.

"ಅಳಿಯಂದ್ರೇ, ಅಲ್ಲೇ ನಿಲ್ಲಿ!"

"ಅತ್ತಮ್ಮಾ, ಅವಳಿಗೆ ಕೊಡಲ್ಲ. ನಾನಾದ್ರೂ ತಿನ್ಬೋದಲ್ವಾ?"

"ಧಾರಾಳವಾಗಿ ತಿನ್ನಿ. ಕಾಂಪೌಂಡಿನ ಹತ್ರ ನಿಂತು ತಿಂದು, ಬಾಯಿ ಮುಕ್ಕಳಿಸಿ, ಕೈಕಾಲು ತೊಳ್ಕೊಂಡು ಒಳಗೆ ಬನ್ನಿ."

"ಇದೇಂ ಕರ್ಮ ರಾ ಸ್ವಾಮೀ!" ಎಂದು ಅವರು ಪಾವಗಡದ ತೆಲುಗಿನಲ್ಲಿ ಗೊಣಗಿಕೊಂಡು, ಬೀದಿಯ ನಾಯಿಗಳ ನಡುವೆ ನಿಂತು ಚಿಕ್ಕಿ ತಿಂದರು. ಮುಂದಿನ ಶನಿವಾರ ಡ್ಯೂಟಿ ಇದೆ ಎಂದು ಫೋನ್ ಬಂತು.

ಮೂರನೆಯ ವಾರಕ್ಕೆ ನನ್ನ ಮೈ ತಿಳಿಯಾಯಿತು. ಡಾಕ್ಟರನ್ನು ಕೇಳಿ ಮಾತ್ರೆ ನಿಲ್ಲಿಸಿದೆ. ಪಾಠದ ಆರಂಭದಿಂದ ಕೊನೆಯವರೆಗೂ ಎಚ್ಚರವಾಗಿರುವುದು ಎಂಥ ಸುಖ! ಮಕ್ಕಳಿಗೆ ಆ ಸುಖ ಇದ್ದಂತೆ ಕಾಣಲಿಲ್ಲ. ಗುಳಿಗಳಲ್ಲಿ ನಾಲ್ಕು ನಾಲ್ಕು ಬೀಜ ತುಂಬಿದ ಸಂಜೆ ನಾನು ಕುಣಿದೆ. ಅತ್ತೆ ಮಾತ್ರ, "ಆಟ ಈಗ ಶುರು" ಅಂದರು.

ಹಾಲು ಒಳಗೆ ಬಂತು. ಮೂರು ದಿನ, ಏನೂ ಆಗಲಿಲ್ಲ. ಗೋಧಿ ಬಂತು, ನಿರಪರಾಧಿ. ಮೊಟ್ಟೆಯೂ ನಿರಪರಾಧಿ. ಬದನೆಕಾಯಿಯ ಮೇಲೆ ಅತ್ತೆಗೆ ಭಾರಿ ಭರವಸೆಯಿತ್ತು. "ಬದ್ನೇಕಾಯಿ ನಂಜು. ಅದೇ ಕಳ್ಳ, ಬರ್ಕೋ ಬೇಕಾದ್ರೆ" ಎಂದು ಎಣ್ಣೆಗಾಯಿ ಮಾಡಿ ಮೂರು ಹೊತ್ತೂ ಬಡಿಸಿದರು. ಮೂರನೆಯ ದಿನ ನನ್ನ ಬೆನ್ನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, "ಇಲ್ಲೊಂಚೂರು ಕೆಂಪಗೈತಲ್ಲಾ?" ಎಂದು ಆಸೆಯಿಂದ ಕೇಳಿದರು.

"ಅದು ಹುಟ್ಟುಮಚ್ಚೆ ಅತ್ತೆ."

ಬದನೆಕಾಯಿಯೂ ಬಿಡುಗಡೆಯಾಯಿತು. ಒಬ್ಬೊಬ್ಬ ಆರೋಪಿ ಹೊರಬಿದ್ದಂತೆಲ್ಲ ಅತ್ತೆಯ ಮಾತು ಕಡಿಮೆಯಾಗುತ್ತಾ ಬಂತು. ಉಳಿದವರು ಇಬ್ಬರೇ. ಅಷ್ಟರಲ್ಲಿ ಆರಿದ್ರಾ ಮಳೆ ಚೆನ್ನಾಗಿ ಸುರಿಯಿತು. "ಬಿತ್ತನೆಗೆ ಹೋಗಲ್ವಾ ಅತ್ತೆ?" ಎಂದು ಕೇಳಿದ್ದಕ್ಕೆ, "ಹೊಲ ಎಲ್ಲೂ ಓಡೋಗಲ್ಲ ಬುಡು" ಅಂದರು. ನಾನೂ ಬಿಟ್ಟೆ.

ಐದನೆಯದು ಬಣ್ಣದ ಸಿಹಿ. ಬೇಕರಿಯಿಂದ ಕೇಸರಿ ಬಣ್ಣದ ಲಡ್ಡು ತಂದು ತಿಂದೆ. ಎರಡನೆಯ ದಿನ ಬೆಳಿಗ್ಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಗಂಧೆ! ನಾನು ಜನ್ಮದಲ್ಲಿ ಅಷ್ಟು ಸಂತೋಷದಿಂದ ಕೆರೆದುಕೊಂಡಿಲ್ಲ. "ಸಿಕ್ಕಿಬಿದ್ದ ಅತ್ತೆ, ಕಳ್ಳ ಸಿಕ್ಕಿಬಿದ್ದ!" ಎಂದು ಕೂಗುತ್ತಾ ಓಡಿದೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆಗೆ ಒರಗಿದರು. ಡಾಕ್ಟರು ಮಾತ್ರ ಫೋನಿನಲ್ಲಿ, "ಕಳ್ಳರು ಇಬ್ಬರೂ ಇರಬಹುದಮ್ಮ. ಇದು ಪೂರ್ತಿ ಇಳಿದ ಮೇಲೆ ಕಡಲೆಕಾಯಿ ನೋಡಿ. ಆ ದಿನ ಸ್ವಲ್ಪವೇ ತಿನ್ನಿ, ಒಬ್ಬರೇ ಇರಬೇಡಿ" ಅಂದರು. ಸ್ಪೀಕರಿನಲ್ಲಿ ಕೇಳಿಸಿಕೊಂಡ ಅತ್ತೆ ಎದ್ದು ಒಳಗೆ ಹೋದರು.

ಗಂಧೆ ಇಳಿಯಲು ಐದು ದಿನ ಹಿಡಿಯಿತು. ಅದರಲ್ಲೊಂದು ದಿನ ಅತ್ತೆ ಊರಿಗೆ ಹೋಗಿ, ತಮ್ಮ ಬಿತ್ತನೆಯ ಮೂಟೆಯಿಂದಲೇ ಒಂದು ಸೇರು ಕಾಯಿ ತಂದರು. "ಅಂಗಡೀದು ಯಾಕೆ? ನಮ್ ಹೊಲದ್ದೇ ತಿಂದು ನೋಡ್ಬೇಕು." ಆರನೆಯ ದಿನ ಬೆಳಿಗ್ಗೆ ಅದರಲ್ಲೊಂದು ಹಿಡಿ ಹುರಿದು ಸೆರಗಿಗೆ ಕಟ್ಟಿಕೊಂಡು, "ನಡಿ" ಅಂದರು.

"ಎಲ್ಲಿಗೆ?"

"ಆಸ್ಪತ್ರೆಗೆ. ಒಬ್ಳೇ ಇರ್ಬಾರ್ದು ಅಂದವ್ರಲ್ಲ? ಏನಾದ್ರೂ ಆದ್ರೆ ಹತ್ತು ಹೆಜ್ಜೇಲಿ ಡಾಕ್ಟ್ರು."

ಮಧುಗಿರಿಯ ಆಸ್ಪತ್ರೆಯ ಅಂಗಳದ ಕಲ್ಲುಬೆಂಚಿನ ಮೇಲೆ ಕೂತು, ಒಂದು ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನಾನು ನಾಲ್ಕು ಕಡಲೆಬೀಜ ತಿಂದೆ. ಅತ್ತೆ ನನ್ನ ಎರಡೂ ತೋಳುಗಳನ್ನು ತಮ್ಮ ತೊಡೆಯ ಮೇಲೆ ಹರವಿಕೊಂಡು ಕಾಯುತ್ತಾ ಕೂತರು. ಹೋಗಿ ಬರುವವರೆಲ್ಲ ನೋಡುತ್ತಿದ್ದರು. ವಿದ್ಯಾರ್ಥಿನಿಯೊಬ್ಬಳ ತಂದೆ, "ಏನ್ ಮೇಡಂ, ಹುಷಾರಿಲ್ವಾ?" ಎಂದರು. ಹುಷಾರಾಗಿಯೇ ಇದ್ದೇನೆ, ಕಡಲೆಕಾಯಿ ತಿನ್ನಲು ಬಂದೆ ಎಂದು ಹೇಳುವುದು ಹೇಗೆ? ನರ್ಸಮ್ಮ ಎರಡು ಸಲ ಹಾದುಹೋದವರು ಮೂರನೆಯ ಸಲ ನಿಂತರು.

"ಯಾರನ್ನ ನೋಡೋಕೆ ಬಂದಿದೀರಜ್ಜಿ?"

"ಇವಳ್ನ" ಎಂದು ಅತ್ತೆ ನನ್ನನ್ನೇ ತೋರಿಸಿದರು.

ಹನ್ನೊಂದರ ಹೊತ್ತಿಗೆ ಗೌಡಗೆರೆ ಕಡೆಯ ಹೆಂಗಸೊಬ್ಬರು ಔಷಧಿ ಚೀಟಿ ಹಿಡಿದು ಬಂದವರು ಅತ್ತೆಯನ್ನು ಕಂಡು ನಿಂತರು. "ಅಕ್ಕಾ, ಇಲ್ಲಿದೀಯಾ! ಆರಿದ್ರೇಲಿ ಎಲ್ರೂ ಬಿತ್ತಿ ಆಯ್ತು. ಮೊಳಕೇನೂ ಬಂತು. ನಿನ್ ಹೊಲ ಮಾತ್ರ ಉತ್ತಿದ್ದು ಉತ್ತಂಗೇ ಬಿದ್ದೈತೆ. ನಿನ್ ಮಗ ಕೇಳುದ್ರೆ, ಅಮ್ಮ ಬೀಜದ ಮೂಟೆ ಮುಟ್ಬೇಡ ಅಂದವ್ಳೆ ಅಂತಾನೆ. ಏನಾಯ್ತು ನಿಂಗೆ?"

"ಚೀಟಿ ತೋರ್ಸೋಗು, ಡಾಕ್ಟ್ರು ಎದ್ದೋಗ್ತಾರೆ" ಎಂದು ಅತ್ತೆ ಅವರನ್ನು ಸಾಗಹಾಕಿದರು.

ನಾನು ಅತ್ತೆಯ ಮುಖ ನೋಡಿದೆ. ಅವರು ನನ್ನ ತೋಳನ್ನೇ ನೋಡುತ್ತಿದ್ದರು.

"ನಿಜವಾಗ್ಲೂ ಬಿತ್ತಿಲ್ವಾ ಅತ್ತೆ?"

"ಪುನರ್ಸು ಮಳೆ ಮುಗಿಯೋಕೆ ಇನ್ನೂ ಐದು ದಿನ ಐತೆ. ತಡವಾಗಿ ಬಿತ್ತಿದ್ರೂ ಬರುತ್ತೆ."

"ನನ್ ಗಂಧೆಗೆ ಹೊಲ ಯಾಕೆ ಖಾಲಿ ಬಿಟ್ಟೆ? ಮಿಕ್ಕೋರೆಲ್ಲ ತಿನ್ನಲ್ವಾ ನಿನ್ ಕಡ್ಲೆಕಾಯಿ?"

ಅತ್ತೆ ನನ್ನ ತೋಳನ್ನು ಬೆಳಕಿಗೆ ತಿರುಗಿಸಿದರು. ಆಮೇಲೆ, ಯಾರದೋ ಮದುವೆಯ ಊಟದ ವಿಷಯ ಹೇಳುವ ಧ್ವನಿಯಲ್ಲಿ ಹೇಳಿದರು.

"ನಿಂಗೆ ಎರಡೂವರೆ ವರ್ಷ. ನಿನ್ ತಮ್ಮ ದಿನ ತುಂಬೋಕೆ ಮುಂಚೆ ಹುಟ್ಟಿದ್ದ, ನಿಮ್ಮಮ್ಮ ಆಸ್ಪತ್ರೇಲಿ. ನಿನ್ನ ನನ್ನತ್ರ ಬುಟ್ಟೋದ್ರು. ಮೂರು ದಿನ ಏನೂ ತಿನ್ನಲಿಲ್ಲ ನೀನು. ಅನ್ನ ಕೊಟ್ರೆ ಉಗೀತಿದ್ದೆ, ಹಾಲು ಕೊಟ್ರೆ ಲೋಟ ಎಸೀತಿದ್ದೆ. ಮಗು ಉಳಿಯಲ್ಲ ಅಂತ ಹೆದರಿದ್ದೆ ಕಣಮ್ಮ. ನಾಕನೇ ದಿನ ಹೊಲದಾಗೆ ಕುಂತು ಗಿಡದಿಂದ ಕಾಯಿ ಬಿಡಿಸ್ತಿದ್ವಿ. ನೀನಾಗೇ ಬಂದು ಬಾಯಿ ತೆರೆದೆ. ಬೀಜ ಅಗಿದು, ಬೆಲ್ಲ ಸೇರ್ಸಿ ಹಾಕ್ದೆ. ಹನ್ನೊಂದು ಬೀಜ ತಿಂದೆ ಅವತ್ತು."

ನನಗೆ ಇದಾವುದೂ ನೆನಪಿಲ್ಲ. ಯಾವ ಡೈರಿಯಲ್ಲೂ ಇಲ್ಲ. ಆದರೆ ಆ ಹನ್ನೊಂದರ ಬಗ್ಗೆ ನನಗೆ ಒಂದು ಚೂರೂ ಅನುಮಾನ ಬರಲಿಲ್ಲ.

"ಅವತ್ತಿಂದ ಹಾಕ್ತಾನೇ ಬಂದೆ. ಅದೇ ನಿನ್ ಮೈಗೆ ವಿಷ ಆಗಿದ್ರೆ ಹಾಕ್ದೋಳು ನಾನೇ ತಾನೆ? ಅದು ಗೊತ್ತಾಗ್ದೆ ಹೆಂಗೆ ಬಿತ್ಲಿ?" ಎಂದು ಅತ್ತೆ ನನ್ನ ತೋಳನ್ನು ಇನ್ನೊಮ್ಮೆ ಸವರಿ ನೋಡಿದರು. "ನೀನು ಪಥ್ಯ ಹಿಡಿದಾಗ್ಲಿಂದ ನಾನೂ ಮುಟ್ಟಿಲ್ಲ ಬುಡು, ಒಂದು ಬೀಜಾನೂ."

ಆಗ ನನಗೆ ಪುರವರದ ಚಿತ್ರಾನ್ನ ಕಣ್ಣೆದುರು ಬಂತು. ಅತ್ತೆ ಬೋರಲು ಹಾಕಿದ ಮಣೆ, ಚೆಲ್ಲಿದ ಎರಡೂ ಸಾಲು. ನನ್ನ ಎರಡು ಬಿಸ್ಕತ್ತಿಗೆ ತಮ್ಮ ಒಂಬತ್ತು ದಿನವನ್ನೂ ಚೆಲ್ಲಿ, ಮಂಚದ ಕೆಳಗೆ ತೆವಳಿದ್ದ ಆ ಎದುರಾಳಿ ಯಾರೆಂದು ತಿಳಿಯಲು ಇತಿಹಾಸದ ಮೇಡಂಗೆ ಇಷ್ಟು ದಿನ ಬೇಕಾಯಿತು.

ಸಂಜೆಯವರೆಗೂ ಕೂತೆವು. ನಡುವೆ ನರ್ಸಮ್ಮ ಇಬ್ಬರಿಗೂ ಟೀ ತರಿಸಿಕೊಟ್ಟರು. ತೋಳು ತಿಳಿಯಾಗಿಯೇ ಇತ್ತು. "ಏನೂ ಇಲ್ಲ ಅತ್ತೆ, ಈಗಾದ್ರೂ ಒಂದು ಬಾಯಿಗೆ ಹಾಕ್ಕೋ" ಅಂದರೆ, "ಇನ್ನೂ ಎರಡು ದಿನ ಐತೆ" ಎಂದು ಸೆರಗಿನ ಗಂಟು ಬಿಗಿ ಮಾಡಿಕೊಂಡರು. ಎರಡನೆಯ ದಿನ ಒಂದು ಹಿಡಿ ತಿಂದೆ. ಮೂರನೆಯ ದಿನ ಚಟ್ನಿ ಮಾಡಿಸಿಕೊಂಡು ತಿಂದೆ. ಮೈಮೇಲೆ ಸೊಳ್ಳೆ ಕಡಿದ ಗುರುತು ಸಹ ಇರಲಿಲ್ಲ.

ಮೂರನೆಯ ದಿನ ಸಂಜೆ ಅತ್ತೆ ಬಟ್ಟೆ ಗಂಟು ಕಟ್ಟಿಟ್ಟರು. ಮೊದಲನೇ ಬಸ್ಸಿಗೆ ಹೊರಡಬೇಕು, ಬೀಜ ಸುಲಿಸಬೇಕು, ಮಳೆ ಮುಗಿಯುವುದರೊಳಗೆ ಬಿತ್ತಬೇಕು. ಆಮೇಲೆ ಬಾಗಿಲ ಹತ್ತಿರ ಕೂತು, ಸೆರಗಿನ ಗಂಟು ಬಿಚ್ಚಿ, ಉಳಿದ ಕಾಯಿಗಳನ್ನು ಒಂದೊಂದೇ ಸುಲಿದು ಅಂಗೈಯಲ್ಲಿ ಇಟ್ಟುಕೊಂಡರು. ನನ್ನ ಮುಖ ನೋಡಿದರು.

"ತಿನ್ಲಾ ಮಗಾ?"

ತಲೆಯಾಡಿಸಿದೆ.

ಆ ದಿನದ ಡೈರಿಯಲ್ಲಿ ಒಂದೇ ಸಾಲಿದೆ. "ಇವತ್ತು ಅತ್ತೆ ಏಳು ಕಡಲೆಬೀಜ ತಿಂದರು, ಎಂಟನೆಯದನ್ನು ನನ್ನ ಬಾಯಿಗೆ ಹಾಕಿದರು." ಬರೆಯದಿದ್ದರೂ ಆಗುತ್ತಿತ್ತು. ಇದು ನನಗೆ ನೆನಪಿರುತ್ತದೆ.